ನಾಳೆ ಟೈಲರ್

ಕಣ್ಣಳತೆಯಲ್ಲೇ ಕೋಟು ಕತ್ತರಿಸಬಲ್ಲ ಆ ಟೈಲರ್‌ಗೆ ಬೀದಿಯವರು ಇಟ್ಟ ಹೆಸರು 'ನಾಳೆ ಟೈಲರ್'. ಯಾರೇ ಬಂದು ಬಟ್ಟೆ ಕೇಳಲಿ, ಬಾಯಲ್ಲಿದ್ದ ಗುಂಡುಸೂಜಿಯನ್ನೂ ತೆಗೆಯದೆ "ನಾಳೆ ಬನ್ನಿ" ಎನ್ನುತ್ತಿದ್ದ. ಅದನ್ನೇ ಹೇಳಿ ಹೇಳಿ ಕೊನೆಗೆ ಅವನಿಗೇ ಸಾಕಾಗಿಹೋಯಿತು.

ಆಗಷ್ಟೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಮಗಳನ್ನು ಕರೆದು, "ಈ ಉತ್ತರ ಇನ್ಮೇಲೆ ಕಂಪ್ಯೂಟರೇ ಹೇಳೋ ಹಾಗೆ ಮಾಡಮ್ಮ" ಎಂದ.

ಅವಳು ಬಟ್ಟೆ ಚೂರುಗಳನ್ನು ಪಕ್ಕಕ್ಕೆ ತಳ್ಳಿ, ಲ್ಯಾಪ್‌ಟಾಪ್ ಇಟ್ಟು ಬರೆದಳು: ಹೊಲಿದು ಆಗಿದ್ದರೆ 'ತಗೊಂಡು ಹೋಗಿ', ಇಲ್ಲದಿದ್ದರೆ 'ನಾಳೆ ಬನ್ನಿ', ಆಗುವ ತನಕ ಮತ್ತೆ ಮೊದಲಿನಿಂದ. ಗುಂಡಿ ಒತ್ತಿದ್ದೇ ತಡ, ಪರದೆಯ ತುಂಬ 'ನಾಳೆ ಬನ್ನಿ, ನಾಳೆ ಬನ್ನಿ' ಎಂದು ಸಾಲುಗಳು ಸುರಿಯತೊಡಗಿದವು.

ಟೈಲರ್ ಹಿರಿಹಿರಿ ಹಿಗ್ಗಿದ. "ಭೇಷ್! ಥೇಟ್ ನನ್ನ ಥರಾನೇ! ಅಲ್ಲಮ್ಮ, ಇದು ನಿಲ್ಲೋದೇ ಇಲ್ವಾ?"

"ಇಲ್ಲಪ್ಪ. ಇಂಥಾ ಸುತ್ತನ್ನ ಲೂಪ್ ಅಂತಾರೆ. ಒಳಗೆ ಏನಾದ್ರೂ ಬದಲಾದ್ರೆ ಮಾತ್ರ ನಿಲ್ಲುತ್ತೆ. ಹಾಗೆ ಬದಲಾಯಿಸೋ ಆ ಒಂದು ಸಾಲು ಬರೆಯೋದೇ ಮರೆತುಬಿಟ್ಟೆ."

"ಏನದು, ಏನು ಬರೀಬೇಕಿತ್ತು?"

ಹೊಲಿಯಲು ಕೊಟ್ಟಿದ್ದ ತನ್ನ ಕೋಟಿಗಾಗಿ ಬಾಗಿಲಲ್ಲಿ ಕಾದು ನಿಂತಿದ್ದ ಟೈಲರ್‌ನ ಹೆಂಡತಿ ಅಲ್ಲಿಂದಲೇ ಗದರಿದಳು: "ಹೊಲಿಯೋದು!"