ಎಡಗಡೆ ಮುಂದಿನ ಚಕ್ರ

ಹಿರಿಯೂರಿನ ಹೊಸದುರ್ಗ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಕಾಟಲಿಂಗಪ್ಪನಿಗೆ ಡ್ರಮ್ ಬ್ರೇಕಿನ ಕೆಲಸವೆಂದರೆ ಹೆಮ್ಮೆ. ಸುತ್ತಲಿನ ಹಳೆಯ ಅಂಬಾಸಿಡರುಗಳೆಲ್ಲ ಅವನ ಬಾಗಿಲಿಗೇ ಬರುತ್ತಿದ್ದವು. ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳ ಮೇಲೆ ಉಗುರು ಎಳೆದು, ಒಳ್ಳೆಯ ಮಾಲೋ ಕಳಪೆಯೋ ಹೇಳಿಬಿಡುವನು. ಅಂಥವನ ಸ್ವಂತ ಅಂಬಾಸಿಡರ್ ಎಡಕ್ಕೆ ಎಳೆಯತೊಡಗಿದ್ದು, ಹೆಂಡತಿ ನಾಗಕ್ಕನಿಗೆ ಡಯಾಲಿಸಿಸ್ ಶುರುವಾದ ವರ್ಷ.

ವಾರಕ್ಕೆರಡು ಸಲ ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸೆಂದರೆ ಅವಳಿಗೆ ವಾಂತಿ. ಕಾರಾದರೆ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಒರಗಿಕೊಂಡು ಬರುವಳು. ಅವಳು ಕೇಳಿಕೊಂಡಿದ್ದೂ ಅದೊಂದೇ: 'ಬಸ್ಸಿಗೆ ಮಾತ್ರ ಹಾಕ್ಬ್ಯಾಡ.'

ಒಂದು ದಿನ ಐಮಂಗಲದ ಹತ್ತಿರ ಮೂಗು ಮುಚ್ಚಿಕೊಂಡಳು. 'ಸುಟ್ಟ ವಾಸ್ನೆ ಬರ್ತೈತೆ.'

'ಮಾತ್ರೆ ನುಂಗಿ ನುಂಗಿ ನಿನ್ ಮೂಗು ಕೆಟ್ಟೈತೆ.'

'ಕೆಟ್ರೂ ನಿನ್ ಕಾರಿಗಿಂತ ವಾಸಿ. ನಿಲ್ಸು.'

ಇಳಿದು, ಬಾಟಲಿಯ ನೀರನ್ನು ಕೈಗೆ ಹಾಕಿಕೊಂಡು, ರೊಟ್ಟಿ ಹಂಚು ಕಾದಿದೆಯೇ ಎಂದು ನೋಡುವಂತೆ ಎಡಗಡೆ ಮುಂದಿನ ಚಕ್ರದ ಮೇಲೆ ಚಿಮುಕಿಸಿದಳು. ಚುರ್ರೆಂದಿತು. ದಿನಕ್ಕಿಷ್ಟೇ ಕುಡಿಯಬೇಕು ಎಂದು ಡಾಕ್ಟರು ಅವಳಿಗೆ ಅಳೆದು ಕೊಟ್ಟಿದ್ದ ನೀರು ಅದು.

'ನೀನು ಬ್ರೇಕಿಂದ ಕಾಲು ತೆಗದ್ರೂ ಇದು ಹಿಡ್ಕಂಡೇ ಐತೆ. ಬಿಡಾಕೆ ಬರ್ತಿಲ್ಲ ಇದಕ್ಕೆ.'

ಕಾಟಲಿಂಗಪ್ಪ ನಕ್ಕ. ಮನೆಗೆ ಬಂದು ಡ್ರಮ್ ಬಿಚ್ಚಿದ. ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಸಡಿಲವಾಗಿದೆ ಎಂದು ಹೊಸದು ಹಾಕಿದ. ಊರೊಳಗೆ ಓಡಿಸಿದರೆ ಎಲ್ಲ ಸರಿ. ಹೆದ್ದಾರಿಗೆ ಹೋದರೆ ಮತ್ತೆ ಬಿಸಿ. ಆಮೇಲೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಬದಲಾಯಿಸಿದ. ಆದರೂ ಅದೇ ಕತೆ. ಪಕ್ಕದ ಗ್ಯಾರೇಜಿನ ಮಂಜಣ್ಣ ಕಿಚಾಯಿಸಿದ: 'ಲೇ ಕಾಟಪ್ಪ, ಡ್ರಮ್ಮಿನ ಹೊರಗೂ ಕಾರು ಐತೆ ಕಣಲೇ!' ಕಾಟಲಿಂಗಪ್ಪ ಆ ವಾರವೆಲ್ಲ ಅವನ ಜತೆ ಚಹಾಕ್ಕೆ ಹೋಗಲಿಲ್ಲ.

ದಾವಣಗೆರೆಯಿಂದ ಹೊಸ ಶೂಗಳು ಬಂದಿದ್ದು ಆಸ್ಪತ್ರೆಗೆ ಹೋಗುವ ದಿನವೇ. ಬೆಳಿಗ್ಗೆಯೇ ಎರಡೂ ಮುಂದಿನ ಚಕ್ರಗಳನ್ನು ಕಳಚಿ ಕೂತಿದ್ದ.

'ಇವತ್ತೊಂದಿನ ಬಸ್ಸಿಗೆ ಹೋಗು. ಇನ್ಮ್ಯಾಲೆ ಅಂಬಾರಿನಾಗೆ ಕರ್ಕಂಡು ಹೋಗ್ತೀನಿ.'

'ಅಂಬಾರಿ ಯಾವನಿಗೆ ಬೇಕು? ನೀನೂ ಬಸ್ಸಿಗೆ ಬಾ.'

'ಬಿಚ್ಚಿಟ್ಟೀನಲ್ಲೇ!'

ನಾಗಕ್ಕ ಬಸ್ ಸ್ಟ್ಯಾಂಡಿನತ್ತ ಹೊರಟಳು. ಪಕ್ಕದ ಮನೆಯ ಜಯಕ್ಕ ಜತೆಗೆ ಹೋದಳು. ಮಧ್ಯಾಹ್ನ ಆಸ್ಪತ್ರೆಯಿಂದ ಜಯಕ್ಕನ ಫೋನು ಬಂದಾಗ ಅವನ ಕೈಯಲ್ಲಿ ಸ್ಪ್ರಿಂಗಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿಯೇ ಫೋನು ಎತ್ತಿದ. ಅಷ್ಟರಲ್ಲಿ ನಾಗಕ್ಕ ಇಲ್ಲವಾಗಿದ್ದಳು.

ಅವಳನ್ನು ಕೊಂದದ್ದು ಬ್ರೇಕಲ್ಲ, ಬಸ್ಸೂ ಅಲ್ಲ. ಹೃದಯ ಸೋತಿತ್ತು; ಪಕ್ಕದಲ್ಲಿ ಗಂಡ ಕೂತಿದ್ದರೂ ಸಾಯುತ್ತಿದ್ದಳು. ಆದರೆ ಪಕ್ಕದಲ್ಲಿ ಗಂಡ ಕೂತಿರಲಿಲ್ಲ.

ತಿಥಿ ಮುಗಿದ ಮೇಲೆ, ಕಳಚಿಟ್ಟಿದ್ದ ಚಕ್ರಗಳನ್ನು ಹಾಕಿದ; ಕಾರು ಇನ್ನೂ ಜಾಕಿನ ಮೇಲೇ ಇತ್ತು. ಬ್ರೇಕ್ ಒತ್ತಿ, ಕಾಲು ತೆಗೆದು, ಬಂದು ಎಡಗಡೆ ಚಕ್ರ ತಿರುಗಿಸಿದ. ತಿರುಗಲಿಲ್ಲ. ಹೊಸ ಸ್ಪ್ರಿಂಗು, ಹೊಸ ಸಿಲಿಂಡರ್, ಹೊಸ ಶೂ, ಆದರೂ ತಿರುಗಲಿಲ್ಲ. ಈ ಸಲ ಡ್ರಮ್ಮಿಗೆ ಕೈ ಹಾಕಲಿಲ್ಲ. ಚಕ್ರದ ಹಿಂದೆ ಬ್ರೇಕ್ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿದ. ಆಯಿಲ್ ಚಿಮ್ಮಿತು, ಚಕ್ರ ತಾನಾಗಿ ಹಗುರಾಯಿತು. ಅಂದರೆ ಆಯಿಲ್ ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಪೈಪನ್ನು ಬಿಚ್ಚಿ, ಸೀಳಿ ನೋಡಿದ. ಹೊರಗೆ ನೆಟ್ಟಗಿತ್ತು, ಒಳಗೆ ಊದಿಕೊಂಡು ಮುಚ್ಚಿಹೋಗಿತ್ತು. ಕಾಲೊತ್ತಿದ ರಭಸಕ್ಕೆ ಆಯಿಲನ್ನು ಮುಂದೆ ಬಿಡುತ್ತಿತ್ತು, ಹಿಂದಕ್ಕೆ ಬಿಡುತ್ತಿರಲಿಲ್ಲ.

ಬಿಡಾಕೆ ಬರ್ತಿಲ್ಲ ಇದಕ್ಕೆ, ಎಂದಿದ್ದಳು.

ಹೊಸ ಪೈಪು ಹಾಕಿ ಕಾರನ್ನು ಹೆದ್ದಾರಿಗೆ ತೆಗೆದುಕೊಂಡು ಹೋದ. ಕಾರು ನೆಟ್ಟಗೆ ಓಡಿತು. ಬ್ರೇಕ್ ಒತ್ತಿದರೆ ನೆಟ್ಟಗೆ ನಿಂತಿತು. ಐಮಂಗಲದ ಹತ್ತಿರ ಇಳಿದು, ಸೀಟಿನ ಕೆಳಗೆ ಇನ್ನೂ ಬಿದ್ದಿದ್ದ ಅವಳ ಬಾಟಲಿಯಿಂದ ಚಕ್ರದ ಮೇಲೆ ನೀರು ಚಿಮುಕಿಸಿದ. ಸದ್ದಿಲ್ಲ. ಇನ್ನಷ್ಟು ಚಿಮುಕಿಸಿದ. ನೀರು ಸುಮ್ಮನೆ ಇಳಿದು ಮಣ್ಣಿಗೆ ಬಿತ್ತು.

ಬಾಟಲಿಯಲ್ಲಿ ಇನ್ನೂ ನೀರಿತ್ತು. ಈಗ ಅದನ್ನು ಅಳೆಯಬೇಕಾಗಿರಲಿಲ್ಲ. ಅಷ್ಟನ್ನೂ ಸುರಿದುಬಿಟ್ಟ.