ಯವದ ಬಳ್ಳಿ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪನದು ಚಂದ್ರಾ ಲೇಔಟಿನಲ್ಲಿ ಇಸ್ತ್ರಿ ಗಾಡಿ. ಘಟಿಕೋತ್ಸವದ ಗೌನನ್ನು ತಾನೇ ಇಸ್ತ್ರಿ ಮಾಡಿ, ಸುಕ್ಕು ಬಿದ್ದೀತೆಂದು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನನ್ನನ್ನು ನಿಲ್ಲಿಸಿಕೊಂಡೇ ಕರೆದೊಯ್ದಿದ್ದ. ಹಾಗಾಗಿ, ಪಿಎಚ್‌ಡಿಯ ಮೊದಲ ಲೇಖನದಲ್ಲಿ ನನ್ನ ಹೆಸರೇ ಮೊದಲು ಬರುತ್ತದೆ ಎಂದು ಗೈಡ್ ಹೇಳಿದ ದಿನವೇ ಅದನ್ನು ಅಪ್ಪನಿಗೂ ಹೇಳಿಬಿಟ್ಟಿದ್ದೆ.

ಕೆಲಸ, ಹಳೆಯ ದಾಖಲೆಯೊಂದನ್ನು ಪರಿಶೀಲಿಸುವುದು. ಬ್ರಿಟಿಷರ ಕಾಲದಲ್ಲಿ ಯಾರೋ ದೊರೆ ಕೆಂಗೇರಿ ಹತ್ತಿರ ಸೌತೆಯ ಜಾತಿಗೆ ಸೇರಿದ ಒಂದು ಕಾಡುಬಳ್ಳಿಯನ್ನು ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿಟ್ಟಿದ್ದ. ಆಮೇಲೆ ಈ ಕಡೆ ಅದನ್ನು ಕಂಡವರಿಲ್ಲ. ಹಾಳೆಯ ಮೂಲೆಯ ಚೀಟಿಯಲ್ಲಿ ಸ್ಥಳೀಯ ಹೆಸರೂ ಇತ್ತು. ಇಂಗ್ಲಿಷಿನ ವೈ, ಎ, ವಿ, ಡಿ, ಓ. ಅದರ ಮುಂದೆ ಬಳ್ಳಿ.

ಓದಿದ ಕೂಡಲೇ ನನಗೆ ಕೇಳಿಸಿದ್ದು ‘ಯಾವ್ದೋ ಬಳ್ಳಿ’. ದೊರೆ ಇದೇನು ಎಂದು ಕೇಳಿದ್ದಾನೆ. ದಾರಿಯಲ್ಲಿ ಹೋಗುತ್ತಿದ್ದವನು “ಯಾವ್ದೋ ಬಳ್ಳಿ ಬುದ್ಧಿ” ಎಂದು ಹೇಳಿ ತನ್ನ ಪಾಡಿಗೆ ತಾನು ಹೋಗಿದ್ದಾನೆ.

ಗೈಡ್ ಅವರಿಗೆ ಮಾತ್ರ ಅದು ‘ಯವದ ಬಳ್ಳಿ’ಯಾಗಿ ಕಂಡಿತು. ಯವ ಎಂದರೆ ಬಾರ್ಲಿ. ಕೊನೆಯ ಓ ದೊರೆಯ ಕಿವಿಯ ದೋಷವಂತೆ. ವೃಷಭಾವತಿಯ ದಡದಲ್ಲಿ ಹಿಂದೆ ಬಾರ್ಲಿ ಬೆಳೆಯುತ್ತಿದ್ದರು, ಈ ಬಳ್ಳಿ ಆ ಪೈರಿಗೆ ಹಬ್ಬುತ್ತಿತ್ತು ಎಂದು ಪುಟಗಟ್ಟಲೆ ಬರೆದೂ ಇಟ್ಟಿದ್ದರು.

“ಸಾರ್, ಅದು ಯಾವ್ದೋ...”

“ಯಾವ್ದೋ ಅಲ್ಲಮ್ಮ, ಯವದ. ಸ್ವಲ್ಪ ಸಂಸ್ಕೃತ ಓದ್ಕೊಳಿ. ಹೋಗಿ ಅಲ್ಲಿನ ಜನರನ್ನ ಕೇಳಿ ರೆಕಾರ್ಡ್ ಮಾಡ್ಕೊಂಡು ಬನ್ನಿ.”

ಕೆಂಗೇರಿಯಲ್ಲಿ ಮೋರಿ ಪಕ್ಕದ ತಂತಿಬೇಲಿಯ ಮೇಲೆ ಬಳ್ಳಿ ಸಿಕ್ಕೇ ಸಿಕ್ಕಿತು. ಮೂಗು ಮುಚ್ಚಿಕೊಂಡು ಲೆನ್ಸ್ ಹಿಡಿದೆ. ಎಲೆಯ ರೋಮ, ಬೀಜದ ಅಂಚು, ಎಲ್ಲವೂ ಹಾಳೆಯ ಫೋಟೋಗೆ ತಾಳೆಯಾದವು. ಬಳ್ಳಿಯ ಮಟ್ಟಿಗೆ ದೊರೆ ಸುಳ್ಳು ಹೇಳಿರಲಿಲ್ಲ. ಎದುರುಮನೆಯ ಆಂಟಿ ಬಟ್ಟೆ ಒಣಹಾಕುತ್ತಿದ್ದರು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಇದರ ಹೆಸರೇನು ಎಂದು ಕೇಳಿದೆ.

ಮರುದಿನ ಗೈಡ್ ಕಣ್ಣು ಮುಚ್ಚಿಕೊಂಡು ಫೋನಿನಲ್ಲಿ ಆಂಟಿಯ ಉತ್ತರವನ್ನು ಕೇಳಿದರು: “ಯಾವ್ದೋ ಬಳ್ಳಿ ಕಣಮ್ಮ.”

“ನೋಡಿದ್ರಾ, ಹೆಸರು ಇನ್ನೂ ಬದುಕಿದೆ. ಉಚ್ಚಾರ ಸ್ವಲ್ಪ ಸವೆದಿದೆ, ಅಷ್ಟೇ.”

“ಇನ್ನೂ ಇದೆ, ಕೇಳಿ ಸಾರ್.”

ಫೋನಿನಲ್ಲಿ ನಾನು ಪಾರ್ಥೇನಿಯಂ ತೋರಿಸಿ ಕೇಳುತ್ತಿದ್ದೆ. “ಅದೂ ಯಾವ್ದೋ ಗಿಡ,” ಎಂದರು ಆಂಟಿ. ಪಕ್ಕದ್ದು? “ಯಾವ್ದೋ ಹುಲ್ಲು. ನೀವು ಯಾವ್ದೋ ಆಫೀಸಿಂದ ಬಂದಿದೀರಲ್ವಾ? ಮೊದ್ಲು ಈ ಮೋರಿ ಕ್ಲೀನ್ ಮಾಡ್ಸಿ.”

ಗೈಡ್ ಫ್ಯಾನ್ ನೋಡತೊಡಗಿದರು.

“ಬಾರ್ಲಿ ಇರೋದಾದ್ರೆ ನನ್ನ ಹೆಸರು ಬೇಡ ಸಾರ್,” ಎಂದೆ.

ಲೇಖನ ಬಂತು. ಬಾರ್ಲಿ ಇರಲಿಲ್ಲ. ಸ್ಥಳೀಯ ಹೆಸರಿನ ಜಾಗದಲ್ಲಿ ‘ತಿಳಿದಿಲ್ಲ’ ಎಂದಿತ್ತು. ನನ್ನ ಹೆಸರು ಎರಡನೆಯದಾಗಿತ್ತು.

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಆರಲು ಬಿಟ್ಟು, ಆ ಪುಟವನ್ನು ಗಾಡಿಯ ಮೇಲೆ ಹರಡಿ, ಮಡಿಕೆ ಹೋಗುವಂತೆ ಅದರ ಮೇಲೆ ಪೆಟ್ಟಿಗೆಯನ್ನು ಒಮ್ಮೆ ಎಳೆದ.

“ಇದ್ರಲ್ಲಿ ನಿಂದ್ಯಾವ್ದು?”

ತೋರಿಸಿದೆ.

“ಮೊದಲ್ನೇದು ಅಂದಿದ್ದೆ? ಅದ್ಯಾರ್ದು ಮತ್ತೆ?”

“ಯಾರ್ದೋ,” ಎಂದೆ.