ಹೆಣ ಅಳಬಾರದು

ಎಂಬತ್ತರ ದಶಕದ ಕೊನೆಗೆ ಬಂದ ಟಿ.ವಿ. ಧಾರಾವಾಹಿಯೊಂದರಲ್ಲಿ ಒಂದು ಶಹರವಿತ್ತು. ಅದರ ಆಸ್ಪತ್ರೆ ಲಿಂಗಸುಗೂರಿನಲ್ಲಿತ್ತು, ಸಾವಿನ ಮನೆ ಮಸ್ಕಿಯಲ್ಲಿ, ಹೆಣ ಹೊತ್ತೊಯ್ಯುವ ಬೀದಿ ಸಿಂಧನೂರಿನಲ್ಲಿ. ಕಥೆಯ ತರುಣ ಒಂದೇ ಕಂತಿನಲ್ಲಿ ಲಿಂಗಸುಗೂರಿನಲ್ಲಿ ಸತ್ತು, ಮಸ್ಕಿಯಲ್ಲಿ ಅಳಿಸಿಕೊಂಡು, ಸಿಂಧನೂರಿನಲ್ಲಿ ಹೆಗಲೇರಿ ಹೋದ. ಬದುಕಿದ್ದ ನಾವು ಈ ಮೂರೂರು ಸುತ್ತಬೇಕಾದರೆ ಬಸ್ಸಿಗೆ ಕಾಯುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು.

ಸಾವಿನ ಮನೆ ಎಂದರೆ ಮಸ್ಕಿಯ ನಮ್ಮ ಓಣಿಯ ಹಳೆಯ ವಾಡೆ. ಅಳಲು ಒಬ್ಬ ಮುದುಕಿ ಬೇಕೆಂದು ಡೈರೆಕ್ಟರ್ ಕೇಳಿದಾಗ ಓಣಿಯವರೆಲ್ಲ ನನ್ನ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು ತೋರಿಸಿದರು. ಸತ್ತವರ ಗುಣ ಎತ್ತಿ ಹಾಡ್ಯಾಡಿ ಅಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಬದುಕಿದ್ದಾಗ ಯಾರಿಗೂ ಕಾಣದ ಗುಣಗಳೂ ಆಕೆಯ ಅಳುವಿನಲ್ಲಿ ಸಿಗುತ್ತಿದ್ದವು.

"ಅಜ್ಜಿ, ಸ್ವಲ್ಪ ಅಳಬೇಕಿತ್ತು," ಎಂದ ಡೈರೆಕ್ಟರ್.

"ಯಾರು ಸತ್ತಾರ್ರೀ?"

ಆತ ಕಟ್ಟೆಯತ್ತ ಕೈ ತೋರಿಸಿದ. ಮೂಗಿಗೆ ಹತ್ತಿ ಇಟ್ಟುಕೊಂಡ ಹುಡುಗನೊಬ್ಬ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ.

"ತಮ್ಮಾ, ನಿಮ್ಮವ್ವ ಅದಾಳೇನು?" ಎಂದು ಆಯಿ ಅವನನ್ನೇ ಕೇಳಿದಳು.

"ಇದ್ದಾರೆ ಅಜ್ಜಿ. ಚೆನ್ನಾಗಿದ್ದಾರೆ."

"ಹಂಗಾರ ನಾ ಹೆಂಗ ಅಳ್ಲಿ? ಹೆತ್ತಾಕಿ ಬದುಕ್ಯಾಳ, ಮಗ ಭಜಿ ತಿನ್ನಾಕತ್ತಾನ."

ಕಣ್ಣೀರು ಬರಿಸಲು ಗ್ಲಿಸರಿನ್ ಶೀಶೆ ತಂದರು. ತನ್ನ ಕಣ್ಣು ಚೆನ್ನಾಗಿಯೇ ಇವೆ ಎಂದು ಆಯಿ ಅದನ್ನು ವಾಪಸು ಕೊಟ್ಟಳು. ಕೊನೆಗೆ ಆಕೆ ಒಪ್ಪಿದ್ದು ಹುಡುಗನ ಮೇಲಿನ ಕನಿಕರಕ್ಕೆ. ಅಂಗಳದ ಸುಡುಬಿಸಿಲಲ್ಲಿ ಅವನನ್ನು ಆಗಲೇ ಮಲಗಿಸಿಬಿಟ್ಟಿದ್ದರು. ತಾನು ಬೇಗ ಅತ್ತರೆ ಅವನು ಬೇಗ ಏಳುತ್ತಾನೆ ಎಂದು ಪಕ್ಕದಲ್ಲಿ ಕೂತಳು.

ಮೊದಲು ಬಾಯಿಮಾತಿಗೆ ಅತ್ತಳು. ಆಮೇಲೆ ದನಿ ಬದಲಾಯಿತು.

"ರೊಟ್ಟಿ ಕಟ್ಟಿ ಕೊಟ್ಟಿದ್ನೆಲ್ಲೋ ನನ್ನಪ್ಪಾ, ಉಂಡ್ಯೋ ಇಲ್ಲೋ ಹೇಳದ ಹೋದೆಲ್ಲೋ. ಬೊಂಬಾಯಿ ಮಣ್ಣಾಗ ನಿನ್ನ ಎಲ್ಲಿ ಹುಡುಕ್ಲೋ..."

ಧಾರಾವಾಹಿಯ ಕಥೆಯಲ್ಲಿ ಬೊಂಬಾಯಿ ಇರಲಿಲ್ಲ. ಅದು ಇದ್ದದ್ದು ನನ್ನ ಕಾಕಾನ ಕಥೆಯಲ್ಲಿ. ಆಯಿಯ ಸಣ್ಣ ಮಗನಾದ ಆತ ಕಟ್ಟಡದ ಕೆಲಸಕ್ಕೆಂದು ಹೋಗಿ ಅಲ್ಲೇ ಸತ್ತಿದ್ದ. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಜೊತೆಯವರು ಮಣ್ಣು ಮಾಡಿ ಮುಗಿಸಿದ್ದರು. ಹಾಡ್ಯಾಡಿ ಅಳಬೇಕಾದರೆ ಮುಂದೆ ಹೆಣವಿರಬೇಕು ಎನ್ನುವವಳು ಆಯಿ. ಹೀಗಾಗಿ ಊರಿಗೆಲ್ಲ ಅತ್ತವಳು ತನ್ನ ಮಗನಿಗೆ ಅತ್ತಿರಲಿಲ್ಲ.

ಮಲಗಿದ್ದ ಹುಡುಗನ ಕಣ್ಣಿಂದ ನೀರು ಇಳಿಯತೊಡಗಿತು.

"ಕಟ್! ಹೆಣ ಅಳಬಾರದು ಕಣೋ!" ಎಂದು ಡೈರೆಕ್ಟರ್ ಕೂಗಿದ. ಇನ್ನೊಮ್ಮೆ ಅಳಲು ಕೇಳಿದರೆ ಆಯಿ ಸೆರಗು ಝಾಡಿಸಿಕೊಂಡು ಮನೆಗೆ ನಡೆದಳು.

ಆ ಕಂತನ್ನು ಪಕ್ಕದ ಮನೆಯಲ್ಲಿ ಕೂತು ನೋಡಿದೆವು. ಆಯಿಯ ಬಾಯಿ ಆಡುತ್ತಿತ್ತು, ಪಿಟೀಲು ಕೇಳುತ್ತಿತ್ತು. ಆಕೆಗೆ ಅದರ ಬೇಜಾರಿರಲಿಲ್ಲ. ಮುಂದಿನ ಕಂತುಗಳಲ್ಲಿ ಹುಡುಗ ಕಾಣಲಿಲ್ಲವೆಂಬುದೇ ಚಿಂತೆ.

"ಸತ್ತಾನಲ್ಲ ಆಯಿ, ಕಥಿಯೊಳಗ," ಎಂದೆ ನಾನು.

"ಕಥಿಯೊಳಗ ಗೊತ್ತೈತಿ. ಹೊರಗ? ನನ್ನ ಮಗಗ ಅತ್ತ ಅಳು ಆ ಹೆತ್ತಾಕಿ ಮಗಗ ಹತ್ತಿದ್ರ?"

ನಾನು ನಕ್ಕುಬಿಟ್ಟೆ. ಆಯಿ ನಗಲಿಲ್ಲ. ಮುಂದೆ ವರ್ಷಗಟ್ಟಲೆ, ಯಾರ ಮನೆಯ ಟಿ.ವಿ.ಯಲ್ಲಿ ಏನು ಬಂದರೂ ಅವನನ್ನೇ ಹುಡುಕುತ್ತಿದ್ದಳು. ವಾರ್ತೆಯನ್ನೂ ಬಿಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನನಗೊಂದು ನೌಕರಿ ಸಿಕ್ಕಿದ್ದೇ ತಡ, "ಶೂಟಿಂಗ್ ಆದ ಕಡಿ ಹೋಗಿ ಕೇಳೂನು ನಡಿ," ಎಂದು ಬೆನ್ನು ಹತ್ತಿದಳು. ಇದ್ದ ಒಂದು ರಜೆಯ ದಿನವೂ ಹೋಯಿತಲ್ಲ ಎಂದು ಗೊಣಗುತ್ತಲೇ ಕರೆದೊಯ್ದೆ.

ಲಿಂಗಸುಗೂರಿನಲ್ಲಿ ಧಾರಾವಾಹಿಯ ಆಸ್ಪತ್ರೆಯಾಗಿದ್ದದ್ದು ಪ್ರವಾಸಿ ಮಂದಿರ. ಆಯಿ ಅಲ್ಲಿನ ಕಾವಲುಗಾರನನ್ನು, "ಇಲ್ಲಿ ಸತ್ತಿದ್ದ ಹುಡುಗ ಈಗ ಆರಾಮ ಅದಾನೇನಪ್ಪಾ?" ಎಂದು ಕೇಳಿದಳು. ಅವನು ನನ್ನ ಮುಖ ನೋಡಿ, "ದವಾಖಾನಿ ಆ ಕಡಿ ಐತ್ರೀ," ಎಂದ. ಯಾರ ಕಾಯಿಲೆಗೆಂದು ಹೇಳಲಿಲ್ಲ.

ಮುಂದಿನ ವಾರ ಸಿಂಧನೂರು. ಹೆಣ ಹೋದ ಬೀದಿಯ ಹೋಟೆಲ್ ಮಾಲೀಕನಿಗೆ ಶೂಟಿಂಗ್ ಚೆನ್ನಾಗಿ ನೆನಪಿತ್ತು. "ಖರೇ ಹೆಣ ಅಂತ ತಿಳಕೊಂಡು ಗಲ್ಲಾ ಬಿಟ್ಟು ಎದ್ದು ಕೈ ಮುಗಿದಿದ್ದೆ ನೋಡ್ರಿ," ಎಂದ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹುಡುಗನ ಸುದ್ದಿ ಮಾತ್ರ ಗೊತ್ತಿಲ್ಲ. ಆಯಿ ಮುಂದಿದ್ದ ಚಹಾ ಮುಟ್ಟಲಿಲ್ಲ. ಅಲ್ಲಿಯವರೆಗೆ ಇದೆಲ್ಲ ಮುದುಕಿಯ ಹಟ ಎಂದುಕೊಂಡಿದ್ದ ನನಗೆ ಆಗ ಭಯವಾಯಿತು. ಈ ಹೊರೆ ಹೊತ್ತೇ ಆಕೆ ಸಾಯುತ್ತಾಳೆ ಅನಿಸಿತು.

ಬಸ್ ನಿಲ್ದಾಣದ ದಾರಿಯಲ್ಲಿ ಒಂದು ಟಿ.ವಿ. ಅಂಗಡಿ. ಸಾಲಾಗಿ ಇಟ್ಟ ಟಿ.ವಿ.ಗಳಲ್ಲಿ ಬಟ್ಟೆ ಸೋಪಿನ ಪುಡಿಯ ಜಾಹೀರಾತು ಬರುತ್ತಿತ್ತು. ಮೀಸೆ ಬಿಟ್ಟ, ತುಸು ದಪ್ಪಗಾದ ಒಬ್ಬ ಗಂಡ ತನ್ನ ಬಿಳಿ ಅಂಗಿ ನೋಡಿಕೊಂಡು ಹಲ್ಲು ಕಿರಿಯುತ್ತಿದ್ದ.

ಆಯಿ ಗಕ್ಕನೆ ನಿಂತಳು. "ಬದುಕ್ಯಾನ!"

"ಅವನ ಅಂತ ಹೆಂಗ ಹೇಳ್ತಿ ಆಯಿ?"

"ಭಜಿ ತಿನ್ನು ಬಾಯಿ ನಾ ಮರೀತೀನೇನು?"

ಜಾಹೀರಾತು ಮತ್ತೆ ಬರುವವರೆಗೆ ಅಲ್ಲೇ ನಿಂತೆವು. ಮತ್ತೆ ಬಂತು. ಈ ಸಲ ನನಗೂ ಗುರುತು ಸಿಕ್ಕಿತು, ಅವನೇ. ಆಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು:

"ಹಂಗಾರ ಅವತ್ತು ನಾ ಅತ್ತದ್ದು ನಮ್ಮವಗ ಮುಟ್ಟೈತಿ."

ಅಂಗಡಿಯವನು ಹೊರಗೆ ಬಂದು, "ಕಲರ್ ತೋರಸ್ಲೇನ್ರಿ, ಬ್ಲ್ಯಾಕ್ ಅಂಡ್ ವೈಟಾ?" ಎಂದು ನನ್ನನ್ನು ಕೇಳಿದ. ಕಾಕಾನಿಗೆ ನಾನೂ ಅತ್ತಿರಲಿಲ್ಲ. ಹಾಡ್ಯಾಡಿ ಅಳಲು ನನಗೆ ಬರುವುದಿಲ್ಲ. ಸುಮ್ಮನೆ ನಿಂತು ಅತ್ತೆ.